ಬದುಕಿಬಿಟ್ಟ ಗಿಡ

ಗಿಡ ಬದುಕಿಬಿಟ್ಟಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ಬನಶಂಕರಿ ಎರಡನೇ ಹಂತದ ಒಂದು ಅಡ್ಡರಸ್ತೆಯಲ್ಲಿ, ಕಮಲಾದೇವಿಯವರ ಮನೆಯ ಗೇಟಿನ ಪಕ್ಕದ ಫುಟ್‌ಪಾತಿನಲ್ಲಿ ಒಂದು ಗುಂಡಿ ಇದೆ. ಸ್ನೇಹಸೇವಾ ಕ್ಲಬ್ಬಿನವರು ಆರು ವರ್ಷಗಳಿಂದ ಪರಿಸರ ದಿನದಂದು ತಪ್ಪದೆ ಗಿಡ ನೆಡುತ್ತಿದ್ದುದು ಅದೇ ಗುಂಡಿಯಲ್ಲಿ. ಜೂನ್ ಐದಕ್ಕೆ ನೆಡುವುದು, ಫೋಟೋ, ಉಪ್ಪಿಟ್ಟು-ಕೇಸರಿಬಾತು. ಆಗಸ್ಟಿನ ಹೊತ್ತಿಗೆ ಗಿಡ ಒಣಗುವುದು. ಮುಂದಿನ ಜೂನ್‌ಗೆ ಗುಂಡಿ ಮತ್ತೆ ಸಿದ್ಧ. ಪಕ್ಕದಲ್ಲಿ ಗ್ರಾನೈಟ್ ಕಲ್ಲನ್ನೂ ನಿಲ್ಲಿಸಿದ್ದರು. ‘ಈ ಸಸಿಯನ್ನು ನೆಟ್ಟವರು’ ಅನ್ನುವುದು ಕೆತ್ತನೆ, ಕೆಳಗಿನ ಹೆಸರು ಮಾತ್ರ ಸ್ಟಿಕ್ಕರ್. ಇಷ್ಟು ಅಚ್ಚುಕಟ್ಟಾದ ಏರ್ಪಾಟನ್ನು ಕೆಡಿಸಿದವರು ಕ್ಲಬ್ಬಿನ ಕಾರ್ಯದರ್ಶಿ ಚಿದಾನಂದರು.

ಅವರು ಮಾಡಿದ್ದು ಇಷ್ಟೇ: ಹೋದ ವರ್ಷ ನೆಟ್ಟ ಹೊಂಗೆಗೆ ದಿನಾ ಬೆಳಗ್ಗೆ ಒಂದು ಕ್ಯಾನ್ ನೀರು ಹಾಕಿದರು. ಅಂಚೆ ಕಚೇರಿಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದ ಮೇಲೆ ಬೆಳಗಾದರೆ ಅವರಿಗಾಗಿ ಕಾಯುವುದು ಈ ಲೋಕದಲ್ಲಿ ಏನೂ ಇರಲಿಲ್ಲ. ಈ ಗಿಡವೊಂದು ಇತ್ತು. ಕ್ಲಬ್ಬಿನಲ್ಲಿ ಯಾರಿಗೂ ಹೇಳಿರಲಿಲ್ಲ. ಗಿಡ ನೆಡುವುದು ಪ್ರಾಜೆಕ್ಟು, ನೀರು ಹಾಕುವುದು ಪ್ರಾಜೆಕ್ಟಲ್ಲ. ಡಿಸೆಂಬರಿನಲ್ಲಿ ಗಿಡ ಸೊಂಟದೆತ್ತರ ಬಂದಾಗಲೇ ಅವರಿಗೆ ಒಳಗೊಳಗೆ ದಿಗಿಲು ಹತ್ತಿತ್ತು. ಜೂನ್ ಬರಲಿ, ನೋಡಿಕೊಳ್ಳೋಣ ಅಂದುಕೊಂಡಿದ್ದರು. ಜೂನ್ ಬಂದಿತ್ತು.

ಬೆಳಗ್ಗೆ ಏಳಕ್ಕೆ ಕ್ಲಬ್ಬಿನ ಅಧ್ಯಕ್ಷ ಸೋಮನಾಥರು ಶಾಮಿಯಾನದವರ ಜೊತೆ ಬಂದಿಳಿದರು. ಟೈಲ್ಸ್ ಅಂಗಡಿ ಇಟ್ಟುಕೊಂಡಿರುವ, ಯಾವುದಾದರೂ ಸೊಟ್ಟಗಿದ್ದರೆ ಸಹಿಸದ ಮನುಷ್ಯ. ಗುಂಡಿಯ ಮುಂದೆ ನಿಂತವರು ಹೌಹಾರಿದರು.

“ಏನ್ರೀ ಚಿದಾನಂದ್ ಇದು? ಇದ್ಯಾಕ್ರೀ ಬದುಕಿದೆ?”

“ಅದೇ... ಮಳೆ ಚೆನ್ನಾಗಾಯ್ತಲ್ಲ ಸಾರ್ ಈ ಸಲ.”

“ಹನ್ನೊಂದು ಗಂಟೆಗೆ ಡಿಸ್ಟ್ರಿಕ್ಟ್ ಗವರ್ನರ್ ಬರ್ತಿದಾರೆ! ಅವ್ರು ಎಲ್ಲಿ ನೆಡ್ಬೇಕು? ನನ್ ತಲೆ ಮೇಲಾ? ಕಿತ್ತಾಕ್ರೀ ಇದನ್ನ!”

ಈ ಗವರ್ನರ್ ರಾಜಭವನದವರಲ್ಲ. ಕ್ಲಬ್ಬಿನ ನಲವತ್ತು ಶಾಖೆಗಳ ಮೇಲ್ವಿಚಾರಣೆಗೆ ಆರಿಸಿ ಬಂದಿದ್ದ ಡಾಕ್ಟರ್ ಲತಾಮಣಿ, ಕೋಣನಕುಂಟೆಯಲ್ಲಿ ಹಲ್ಲಿನ ಆಸ್ಪತ್ರೆ ಇಟ್ಟುಕೊಂಡವರು. ಆದರೂ ಸೋಮನಾಥರು ‘ಗವರ್ನರ್’ ಅನ್ನುವ ರೀತಿಗೆ ಚಿದಾನಂದರಿಗೆ ಇಲ್ಲದ ಹಲ್ಲುನೋವು ಬರುತ್ತಿತ್ತು.

“ಸಾರ್, ಬೇರೆ ಕಡೆ ಗುಂಡಿ ತೋಡ್ಸಿದ್ರೆ?” ಅಂದರು ಚಿದಾನಂದರು.

“ಒಂಬತ್ತರೊಳಗೆ ಹುಡುಕಿ. ಇಲ್ಲಾಂದ್ರೆ ಇದೇ ಗುಂಡಿ. ಆಮೇಲೆ ಮೇಡಂಗೆ ಸ್ವಾಗತಕ್ಕೆ ಕೊಡೋ ಕುಂಡದ ಗಿಡ ತರೋದು ಮರೀಬೇಡಿ. ಸಿದ್ದಾಪುರದ ನರ್ಸರೀಲಿ ಹೇಳಿಟ್ಟಿದೀನಿ.”

ಈಗ ಸಭೆಗಳಲ್ಲಿ ಹಾರ-ತುರಾಯಿ ಹೋಗಿ, ಅತಿಥಿಗಳ ಕೈಗೆ ಕುಂಡದ ಗಿಡ ಕೊಡುವುದು ರೂಢಿ ತಾನೆ. ಚಿದಾನಂದರು ತಲೆಯಾಡಿಸಿದರು. ಆಡಿಸಿದ್ದು ತಲೆ ಮಾತ್ರ. ಕಿವಿಗೆ ಏನೂ ಬಿದ್ದಿರಲಿಲ್ಲ. ಎರಡು ಗಂಟೆಯಲ್ಲಿ ಒಂದು ಗುಂಡಿಗೆ ಜಾಗ!

ಮೊದಲ ಮನೆಯವರು ಬಾಗಿಲಲ್ಲೇ ಕೈ ಅಡ್ಡ ಇಟ್ಟರು. “ಮರ ಬೆಳೆದ್ರೆ ಕಾರ್ ಮೇಲೆ ಹಕ್ಕಿ ಹಿಕ್ಕೆ ಹಾಕುತ್ತೆ ಸಾರ್. ಮೂಲೆ ಮನೇಲಿ ಕೇಳಿ, ಅವ್ರಿಗೆ ಕಾರಿಲ್ಲ.” ಮೂಲೆ ಮನೆಯವರಿಗೆ ಕಾರಿರಲಿಲ್ಲ, ಆದರೆ ವಾಸ್ತು ಇತ್ತು. ಈಶಾನ್ಯಕ್ಕೆ ಮರ ಬಂದರೆ ಮಗಳ ಮದುವೆ ತಡವಾಗುತ್ತದಂತೆ. ಮೂರನೆಯವರು ಪರಿಸರ ಪ್ರೇಮಿಗಳು. ಗಿಡ ಅಂದರೆ ಪ್ರಾಣ ಅಂದರು, ಕಾಫಿ ಕೊಟ್ಟರು, ಕಾಲು ಗಂಟೆ ಪಶ್ಚಿಮ ಘಟ್ಟದ ಬಗ್ಗೆ ಮಾತಾಡಿದರು, ಕೊನೆಗೆ ಬೇರು ನೀರಿನ ಸಂಪಿನೊಳಗೆ ನುಗ್ಗುತ್ತೆ, ಬೇಡ ಅಂದುಬಿಟ್ಟರು. ಗಡಿಯಾರ ಒಂಬತ್ತು ದಾಟಿತ್ತು. ಚಿದಾನಂದರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಗುಂಡಿಯ ಬಳಿಗೆ ವಾಪಸ್ಸು ಬಂದರೆ ಕಮಲಾದೇವಿಯವರು ಗೇಟಿಗೊರಗಿ ನಿಂತಿದ್ದರು. ಆ ರಸ್ತೆಯಲ್ಲಿ ಬೆಕ್ಕು ಅಡ್ಡ ಬಂದರೂ ಅವರ ಫೋನಿನಲ್ಲಿ ಅದಕ್ಕೆ ಸಾಕ್ಷಿ ಇರುತ್ತಿತ್ತು.

“ಏನ್ರೀ, ದಿನಾ ಕಾವೇರಿ ನೀರು ತಂದು ಬೀದೀಲಿ ಚೆಲ್ಲೋರು ಇವತ್ತು ಬರಿಗೈಲಿ ಬಂದಿದೀರ? ನನ್ ಗೇಟ್ ಮುಂದೆ ವರ್ಷಪೂರ್ತಿ ಕೆಸರು ಮಾಡಿದೀರ. ಎಲ್ಲಾ ಫೋಟೋ ತೆಗ್ದಿದೀನಿ, ತಿಳ್ಕೊಳಿ.”

“ತಪ್ಪಾಯ್ತು ಮೇಡಂ,” ಅಂದರು ಚಿದಾನಂದರು. ಅವರ ಬಾಯಿಂದ ಆ ಮಾತು ಉಸಿರಿನಷ್ಟೇ ಸಲೀಸಾಗಿ ಬರುತ್ತಿತ್ತು. ಅಧ್ಯಕ್ಷರಿಗೆ ‘ಆಗಲ್ಲ ಸಾರ್’ ಅನ್ನುವುದು ಮಾತ್ರ ಬರಲಿಲ್ಲ.

ಅತ್ತ ಸೋಮನಾಥರು ಗಡಿಯಾರ ತೋರಿಸಿ ಕಣ್ಣು ಬಿಟ್ಟರು. ಚಿದಾನಂದರ ಮುಂದೆ ಉಳಿದದ್ದು ಒಂದೇ ದಾರಿ: ಬೇರಿನ ಸುತ್ತಲ ಮಣ್ಣು ಉದುರದ ಹಾಗೆ ಗಿಡವನ್ನು ಎತ್ತಿ, ಯಾವುದಾದರೂ ಬಕೆಟ್ಟಿಗೆ ಇಳಿಸಿ, ಮನೆಗೆ ಸಾಗಿಸಿಬಿಡುವುದು. ಬದುಕಿದರೆ ತಾರಸಿಯ ಮೇಲಾದರೂ ಬದುಕಲಿ.

ಮನೆಗೆ ಓಡಿದರು. ಹೆಂಡತಿ ಜಯಶೀಲಾ ದೋಸೆ ಹುಯ್ಯುತ್ತಿದ್ದರು.

“ಬಟ್ಟೆ ನೆನೆ ಹಾಕೋ ಪೇಂಟ್ ಬಕೆಟ್ ಬೇಕಿತ್ತು ಕಣೇ. ತಳಕ್ಕೆ ನಾಲ್ಕು ತೂತು ಮಾಡ್ತೀನಿ.”

“ಮಾಡಿ. ಮನೆ ತುಳಸಿಗೆ ಒಂದ್ ದಿನ ಒಂದು ಲೋಟ ನೀರು ಹಾಕಿದೋರಲ್ಲ, ಬೀದಿ ಗಿಡಕ್ಕೆ ಬಕೆಟ್ ದಾನ! ಮುಖ ಯಾಕ್ರೀ ಹಿಂಗಾಗಿದೆ? ಬಿಪಿ ಮಾತ್ರೆ ತಗೊಂಡ್ರಾ?”

ತಗೊಂಡಿರಲಿಲ್ಲ. ಬಕೆಟ್ ಎತ್ತಿಕೊಂಡು ಓಡಿದರು.

ಅಗೆಯಲು ಸಿಕ್ಕಿದ್ದು ಒಂದೇ ಒಂದು ಗುದ್ದಲಿ, ಗವರ್ನರ್ ಮುಟ್ಟಲೆಂದು ಬೆಳ್ಳಿ ಬಣ್ಣ ಬಳಿದು ರಿಬ್ಬನ್ ಕಟ್ಟಿಟ್ಟದ್ದು. ಅದರಲ್ಲೇ ಗಿಡದ ಸುತ್ತ ಮೊಳದಷ್ಟು ದೂರ ಬಿಟ್ಟು ಅಗೆದರು, ಕೊನೆಗೆ ಬೆರಳಲ್ಲೇ ಕೆದಕಿದರು. ಒಂದು ಬೇರು ಚಟ್ ಅಂದಾಗ ಅವರ ಎದೆಯೂ ಚಟ್ ಅಂದಿತು. ಅರ್ಧ ಗಂಟೆಯಲ್ಲಿ ಹೊಂಗೆ ಬಕೆಟ್ಟಿನಲ್ಲಿತ್ತು. ಎಲೆಗಳು ಆಗಲೇ ಸೊರಗಿದಂತೆ ಕಂಡವು. ಚಿದಾನಂದರ ಕಣ್ಣು ತುಂಬಿ ಬಂತು. ವಯಸ್ಸು ಅರವತ್ತೆರಡು, ನಡುಬೀದಿ, ಕೈಯಲ್ಲಿ ರಿಬ್ಬನ್ ಕಟ್ಟಿದ ಗುದ್ದಲಿ. ಅಳುವುದಕ್ಕೂ ಒಂದು ಮರ್ಯಾದೆ ಬೇಡವೇ ಅಂತ ತಡೆದುಕೊಂಡರು.

ಬಕೆಟ್ಟನ್ನು ಶಾಮಿಯಾನದ ಹಿಂದೆ ನೆರಳಿನಲ್ಲಿ ಬಚ್ಚಿಟ್ಟರು. ಮನೆಗೆ ಒಯ್ಯಲು ಆಟೋ ಕರೆಯಬೇಕು ಅನ್ನುವಷ್ಟರಲ್ಲಿ “ಚಿದಾನಂದ್, ಬ್ಯಾನರ್ ಸೊಟ್ಟಗಿದೆ!” “ಚಿದಾನಂದ್, ಮೈಕ್!” “ಚಿದಾನಂದ್, ಉಪ್ಪಿಟ್ಟಿಗೆ ಚಮಚ ಎಲ್ಲಿ?” ಒಬ್ಬ ಮನುಷ್ಯನನ್ನು ಇಷ್ಟು ಜನ ಕರೆದರೆ ಅವನಾದರೂ ಎಲ್ಲಿಗೆ ಹೋಗಬೇಕು? ಏಣಿಯ ಮೇಲೆ ನಿಂತು ಬ್ಯಾನರ್ ಎಳೆದು ಕಟ್ಟುತ್ತಿದ್ದಾಗ ರಸ್ತೆಯ ತಿರುವಿನಲ್ಲಿ ಗವರ್ನರ್ ಕಾರು ಕಾಣಿಸಿತು. ಆ ಕ್ಷಣಕ್ಕೇ ಸಿದ್ದಾಪುರದ ನರ್ಸರಿಯ ಕುಂಡವೂ ನೆನಪಾಯಿತು. ಇಳಿದು ಹೋಗಿ ಹೇಳೋಣವೆಂದರೆ ಏಣಿ ಹಿಡಿದುಕೊಂಡಿದ್ದವನು ಕಾರು ನೋಡಲು ಓಡಿದ್ದ.

ಇಳಿಯುವ ಹೊತ್ತಿಗೆ ಆಗಬೇಕಾದದ್ದು ಆಗಿಹೋಗಿತ್ತು. ಕುಂಡ ಎಲ್ಲಿ ಅಂತ ಹುಡುಕುತ್ತಿದ್ದ ಸೋಮನಾಥರಿಗೆ ಶಾಮಿಯಾನದ ಹಿಂದೆ ಬಕೆಟ್ ಕಂಡಿತ್ತು. “ಪರ್ವಾಗಿಲ್ಲ ಕಣ್ರೀ, ಸಖತ್ ದೊಡ್ಡ ಗಿಡಾನೇ ತಂದಿದಾರೆ ಚಿದಾನಂದ್!” ಅಂತ ಬಕೆಟ್ಟಿಗೆ ಚಿನ್ನದ ಬಣ್ಣದ ಕಾಗದ ಸುತ್ತಿಸಿದ್ದರು. ಬೆಳಗ್ಗೆ ಅವರು ಗಿಡವನ್ನು ನೋಡಿದ್ದು ಎರಡು ನಿಮಿಷ, ಅದೂ ಸಿಟ್ಟಿನಲ್ಲಿ. ಗುರುತು ಸಿಗಲಿಲ್ಲ. ಮೂವರು ಸೇರಿ ಅದನ್ನು ಎತ್ತಿ ಲತಾಮಣಿಯವರ ಕೈಗೆ ಮುಟ್ಟಿಸಿ ಫೋಟೋ ತೆಗೆಸಿಕೊಂಡರು. ಭಾರವೆಂದು ಅವರ ಪಕ್ಕದ ಕುರ್ಚಿಯಲ್ಲೇ ಕೂರಿಸಿದರು. ಹೊಂಗೆ ವೇದಿಕೆಯ ಮೇಲೆ ಮುಖ್ಯ ಅತಿಥಿಯ ಹಾಗೆ ಕೂತಿತು.

ಚಿದಾನಂದರು ಕೆಳಗಿನಿಂದ ಕಣ್ಣು ಮಿಟುಕಿಸದೆ ನೋಡಿದರು. ಇನ್ನರ್ಧ ಗಂಟೆ, ಗಿಡ ಕಾರು ಹತ್ತಿ ಕೋಣನಕುಂಟೆಗೆ ಹೋಗುತ್ತದೆ. ಎದ್ದು ಕೇಳಿದರೆ ಅಧ್ಯಕ್ಷರ ಮಾನ ಹೋಗುತ್ತದೆ. ಕೇಳದಿದ್ದರೆ ಒಂದು ವರ್ಷ ಹೋಗುತ್ತದೆ.

ಲತಾಮಣಿಯವರು ಮೈಕ್ ಮುಂದೆ ನಿಂತರು. ಕನ್ನಡಕ ಸರಿಮಾಡಿಕೊಂಡು ನೇರವಾಗಿ ಕೇಳಿದರು: “ಸೋಮನಾಥ್, ಹೋದ್ವರ್ಷ ನೆಟ್ಟ ಗಿಡ ಎಲ್ಲಿ?”

ಆರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಸೋಮನಾಥರು ಬೆವರಿದರು. “ಅದು... ಬಿಸಿಲು ಮೇಡಂ. ಮಾರ್ಚ್‌ನಲ್ಲೇ ಹೋಗ್ಬಿಡ್ತು, ಪಾಪ.”

“ಮಾರ್ಚ್‌ನಲ್ಲಿ ಹೋಗಿದ್ದು ನಿನ್ನೆ ಬೆಳಗ್ಗೆ ಫೋಟೋಗೆ ಹೆಂಗ್ ನಿಂತಿತ್ತು?” ಲತಾಮಣಿ ತಮ್ಮ ಫೋನನ್ನು ಸಭೆಯತ್ತ ತಿರುಗಿಸಿದರು. “ನಿಮ್ಮ ಹೋದ್ವರ್ಷದ ಬ್ಯಾನರ್‌ನಲ್ಲಿ ನಮ್ಮ ಡಿಸ್ಟ್ರಿಕ್ಟ್ ಆಫೀಸ್ ನಂಬರ್ ಹಾಕಿದ್ರಲ್ಲ, ಆ ನಂಬರ್‌ಗೆ ಈ ರಸ್ತೆಯ ಕಮಲಾದೇವಿ ಅನ್ನೋರು ದಿನಾ ಒಂದು ಫೋಟೋ ಕಳಿಸ್ತಾರೆ, ನೀರು ಪೋಲಾಗ್ತಿದೆ ಅಂತ ದೂರು. ನಾನು ನೀರು ನೋಡ್ಲಿಲ್ಲ, ಗಿಡ ನೋಡ್ದೆ. ನಲವತ್ತು ಕ್ಲಬ್ಬು ಸಾವಿರದ ನಾನೂರು ಸಸಿ ನೆಟ್ಟು ಬದುಕಿರೋದು ಇದೊಂದೇ! ಅದಕ್ಕೆ ಪ್ರಶಸ್ತಿ ಕೊಡೋಣ ಅಂತ ನಾನು ಬಂದ್ರೆ, ಗುಂಡಿ ಖಾಲಿ.”

ಮುಂದಿನ ಸಾಲಿನಿಂದ ಕಮಲಾದೇವಿಯವರು ಎದ್ದರು.

“ಮೇಡಂ, ಇವತ್ತಿಂದೂ ಕಳಿಸಿದೀನಿ, ನೋಡಿಲ್ವಾ? ಒಂಬತ್ತೂ ಮುಕ್ಕಾಲಿಂದು.”

ಲತಾಮಣಿ ನೋಡಿದರು. ಪಕ್ಕದವರೂ ನೋಡಿದರು. ಬಗ್ಗಿದ ಬೆನ್ನು, ಎತ್ತಿದ ಬೆಳ್ಳಿ ಗುದ್ದಲಿ, ಬುಡಸಮೇತ ವಾಲಿದ ಹೊಂಗೆ. ಮುಖ ಸ್ಪಷ್ಟವಾಗಿ ಚಿದಾನಂದರದ್ದು. ಪಶ್ಚಿಮ ಘಟ್ಟದ ಮನೆಯವರು “ಛೀ, ಇಂಥೋರೂ ಇರ್ತಾರಾ!” ಅಂದದ್ದು ಮೈಕಿನಲ್ಲೂ ಕೇಳಿಸಿತು. ಸೋಮನಾಥರು ತಾವು ಇದುವರೆಗೆ ಚಿದಾನಂದರನ್ನು ಕಂಡೇ ಇಲ್ಲವೇನೋ ಎಂಬಂತೆ ಆಕಾಶ ನೋಡಿದರು.

ಜೀವನದಲ್ಲಿ ಮೊದಲ ಸಲ, ಯಾರೂ ಕರೆಯದೆ, ಚಿದಾನಂದರು ತಾವಾಗಿಯೇ ವೇದಿಕೆ ಹತ್ತಿದರು.

“ಅದು ಸತ್ತಿಲ್ಲ ಮೇಡಂ. ನಿಮ್ ಪಕ್ಕದ ಕುರ್ಚೀಲಿ ಕೂತಿದೆ.”

ಲತಾಮಣಿ ಚಿನ್ನದ ಕಾಗದ ಬಿಡಿಸಿದರು. ಪೇಂಟ್ ಬಕೆಟ್ ಹೊರಬಂತು. ಎಲೆ ಎತ್ತಿ ನೋಡಿ, ಬುಡದ ಮಣ್ಣು ಸರಿಸಿ, ಬಾಯಿಗೆ ಟಾರ್ಚ್ ಬಿಟ್ಟು ನೋಡುವ ಗಾಂಭೀರ್ಯದಲ್ಲೇ ಬೇರನ್ನೂ ಪರೀಕ್ಷಿಸಿದರು. “ನಾನು ಹಲ್ಲಿನ ಡಾಕ್ಟ್ರು. ಕಿತ್ತಿದ್ದನ್ನ ನೋಡಿದ್ರೆ ಕಿತ್ತ ಕೈ ಎಂಥದ್ದು ಅಂತ ಗೊತ್ತಾಗುತ್ತೆ. ಇಷ್ಟು ಜೋಪಾನವಾಗಿ ಕೀಳೋರನ್ನ ನಾನು ನೋಡಿಲ್ಲ. ತನ್ನಿ, ಹೊಸ ಸಸಿ ಬೇಡ, ಇದನ್ನೇ ಅಲ್ಲೇ ನೆಡೋಣ.”

ಹೊಂಗೆ ಮತ್ತೆ ತನ್ನ ಗುಂಡಿಗಿಳಿಯಿತು. ಚಿದಾನಂದರೇ ಮಣ್ಣು ಒತ್ತಿದರು. ಅಷ್ಟರಲ್ಲಿ ಸೋಮನಾಥರು ಮೈಕ್ ಹಿಡಿದು, “ಜೋಪಾನವಾಗಿ ಎತ್ತಿಡಿ ಅಂತ ನಾನೇ ಹೇಳಿದ್ದೆ ಮೇಡಂ” ಅನ್ನುತ್ತಿದ್ದರು. ಹೇಳಿಕೊಳ್ಳಲಿ, ಗಿಡ ಉಳಿಯಿತಲ್ಲ.

“ಈಗ ಪ್ರಶಸ್ತಿ,” ಅಂದರು ಲತಾಮಣಿ. ಡ್ರೈವರ್ ಕಾರಿನಿಂದ ಒಂದು ಶಾಲನ್ನೂ, ಒತ್ತಾದ ಜಾಲರಿಯ ಒಂದು ಕಬ್ಬಿಣದ ಬೇಲಿಯನ್ನೂ ತಂದ. ಬೇಲಿಗೆ ಪುಟ್ಟ ಬಾಗಿಲು, ಬಾಗಿಲಿಗೆ ಬೀಗ. ಚಿದಾನಂದರು ಮಣ್ಣಿನ ಕೈಯನ್ನು ಪಂಚೆಗೆ ಒರೆಸಿಕೊಂಡು, ಶಾಲಿಗೆ ಅನುಕೂಲವಾಗಲೆಂದು ಕತ್ತನ್ನು ಕೊಂಚ ಬಗ್ಗಿಸಿದರು.

“ಇವ್ರು ನೀರು ಹಾಕಿದಾರೆ, ಒಪ್ತೀನಿ,” ಲತಾಮಣಿ ಅವರ ಕಡೆ ನೋಡಿ ಮೆತ್ತಗೆ ಹೇಳಿದರು. “ಆದ್ರೆ ಯಾರೋ ಕೀಳು ಅಂದ್ರು ಅಂತ ಕಿತ್ತಿದ್ದೂ ಇವ್ರೇ. ನಾಳೆ ಇನ್ಯಾರೋ ಹೇಳಿದ್ರೆ ಮತ್ತೆ ಕೀಳ್ತಾರೆ. ತಪ್ಪು ತಿಳೀಬೇಡಿ ಸಾರ್, ‘ಇಲ್ಲ’ ಅನ್ನೋಕೆ ಬರದೇ ಇರೋರ ಕೈಗೆ ಗಿಡ ಕೊಡೋಕಾಗಲ್ಲ. ವರ್ಷದ ಮುನ್ನೂರ ಅರವತ್ತೈದು ದಿನ, ಮಳೆ-ಬಿಸಿಲು ಅನ್ನದೆ ಈ ಗಿಡದ ಮೇಲೆ ಕಣ್ಣಿಟ್ಟೋರು ಒಬ್ರೇ. ಶ್ರೀಮತಿ ಕಮಲಾದೇವಿ, ಬನ್ನಿ.”

ಚಪ್ಪಾಳೆ ಬಿತ್ತು. ಶಾಲು ಚಿದಾನಂದರ ಬಗ್ಗಿದ ಕತ್ತನ್ನು ದಾಟಿ ಹೋಯಿತು. ಬೀಗದ ಕೈಯೂ ಹೋಯಿತು. ‘ಆ ಮಾತು ಸರಿಯಲ್ಲ ಮೇಡಂ’ ಅನ್ನಬೇಕೆಂದು ಚಿದಾನಂದರು ಬಾಯಿ ತೆರೆದರು. ಹೊರಬಂದದ್ದು “ಸರಿ ಮೇಡಂ.”

ಸಂಜೆ ಐದಕ್ಕೆ, ಮತ್ತೆ ನೆಟ್ಟ ಗಿಡಕ್ಕೆ ನೀರು ಬೇಕೇ ಬೇಕೆಂದು, ಕ್ಯಾನ್ ಹಿಡಿದು ಬಂದರು. ಜಾಲರಿಯೊಳಗೆ ಹೊಂಗೆ ಬಾಡಿಕೊಂಡು ನಿಂತಿತ್ತು. ಒತ್ತು ಜಾಲರಿ, ಬೆರಳೂ ತೂರದು. ಗೇಟಿನೊಳಗೆ ಕಮಲಾದೇವಿಯವರು ಇನ್ನೂ ಶಾಲು ಹೊದ್ದುಕೊಂಡೇ ಕೂತಿದ್ದರು, ಕೀ ಸೊಂಟದಲ್ಲಿತ್ತು.

“ಮೇಡಂ, ಸ್ವಲ್ಪ ಬೀಗ ತೆಗೀತೀರಾ?”

ಕಮಲಾದೇವಿಯವರು ಕ್ಯಾನನ್ನೊಮ್ಮೆ, ಅವರನ್ನೊಮ್ಮೆ ಅಳೆದು ನೋಡಿದರು. “ಅಷ್ಟೊಂದು ಬೇಡಾರೀ. ಪ್ರಶಸ್ತಿ ಬಂದಿರೋ ಗಿಡ, ಬೇರು ಕೊಳೆತ್ರೆ ನಾಳೆ ಮೇಡಂಗೆ ಉತ್ರ ಹೇಳೋಳು ನಾನು. ಅದನ್ನ ಅಲ್ಲೇ ಇಡಿ.” ಒಳಗೆ ಹೋಗಿ ಒಂದು ಸಣ್ಣ ಲೋಟದಲ್ಲಿ ನೀರು ತಂದರು. ಬೀಗ ತೆಗೆದು, ಲೋಟ ಅವರ ಕೈಗೆ ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಫೋನ್ ಎತ್ತಿ ಹಿಡಿದರು.

“ಹ್ಞಾ, ಈಗ ಹಾಕಿ. ಮುಖ ಸ್ವಲ್ಪ ಈ ಕಡೆ ಮಾಡಿ, ನಗ್ತಾ ಇರಿ.”

ಚಿದಾನಂದರು ನಕ್ಕರು.