ಕುಮಾರಿ ಶೈನಿಯ ಪ್ರಥಮಫಲ

ಕೊಳಾರ ಕೈಗಾರಿಕಾ ಪ್ರದೇಶದಲ್ಲಿರುವ ಓಂಪ್ರಕಾಶ ಸೇಠರ ಬೇಳೆ ಮಿಲ್ಲಿನ ಆಫೀಸಿನಲ್ಲಿ ಪಗಾರ ಕೊಡುವ ಪದ್ಧತಿ ಇಲ್ಲ, ಅನುಭವ ಕೊಡುವ ಪದ್ಧತಿ ಇದೆ. ಈ ಸಂಗತಿಯನ್ನು ಗೇಟಿನ ಮೇಲೆಯೇ ಬರೆಸಿರುವುದರಿಂದ ಯಾರೂ ಮೋಸಹೋದೆವೆಂದು ಹೇಳುವಂತಿಲ್ಲ. ಮೊದಲು ಅಲ್ಲಿ ಗುಮಾಸ್ತರಿದ್ದರು. ಪದವಿಯ ಕೊನೆಯ ವರ್ಷಕ್ಕೆ ಇಂಟರ್ನ್‌ಶಿಪ್ ಕಡ್ಡಾಯವಾದ ಮೇಲೆ ಸೇಠರು ಅವರಿಗೆಲ್ಲ ಶಾಲು ಹೊದಿಸಿ ಮನೆಗೆ ಕಳಿಸಿದರು. ಅವರ ಕುರ್ಚಿಗಳಲ್ಲಿ ಈಗ ಕಾಲೇಜು ಹುಡುಗರು ಕೂತು ಕಲಿಯುತ್ತಾರೆ. ಕಲಿಸುವವರು ಯಾರೂ ಉಳಿದಿಲ್ಲವಾದ್ದರಿಂದ ಯಾರ ಅಡ್ಡಿಯೂ ಇಲ್ಲದೆ ಕಲಿಯುತ್ತಾರೆ.

ಚಿದ್ರಿಯ ಮಾರ್ಗರೆಟಬಾಯಿಯವರ ಮಗಳು ಶೈನಿ ಹೀಗೆ ಬಂದು ಕೂತವಳು. ಮಾರ್ಗರೆಟಬಾಯಿ ಆಸ್ಪತ್ರೆಯಲ್ಲಿ ಆಯಾ. ಮಗಳು ಬಿ.ಕಾಂ. ಸೇರಿದ ವಾರವೇ ಅವರು ನಮ್ಮ ಚರ್ಚಿನಲ್ಲಿ ಎದ್ದು ನಿಂತು, ಶೈನಿಯ ದುಡಿಮೆಗೆ ಮೊದಲು ಏನು ಬರುತ್ತದೋ ಅದಷ್ಟೂ ದೇವರಿಗೆ ಪ್ರಥಮಫಲ ಎಂದು ಹರಕೆ ಹೊತ್ತಿದ್ದರು. ಸುಗ್ಗಿ ಹಬ್ಬದ ಭಾನುವಾರ ನಾವು ಕುಂಬಳಕಾಯಿ, ತೊಗರಿ, ಕೋಳಿ, ತತ್ತಿ ತಂದು ಚರ್ಚಿನಲ್ಲಿ ಒಪ್ಪಿಸುತ್ತೇವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಎಲ್ಲವನ್ನೂ ಲಿಲಾವು ಹಾಕುತ್ತೇವೆ. ಕೊಟ್ಟವರೇ ಮೇಲೆ ನಾಲ್ಕು ರೂಪಾಯಿ ಕೂಗಿ ತಮ್ಮ ಕೋಳಿಯನ್ನು ತಾವೇ ಬಿಡಿಸಿಕೊಂಡು ಹೋಗುವುದೂ ಉಂಟು. ಅದಕ್ಕೆ ಯಾರೂ ನಗುವುದಿಲ್ಲ.

ಶೈನಿ ಮೂರು ತಿಂಗಳು ಬೇಳೆ ತೂಗಿಸಿದಳು, ಬಿಲ್ಲು ಮಾಡಿದಳು, ಔರಾದದ ಅಂಗಡಿಕಾರರ ಬೈಗುಳವನ್ನು ಫೋನಿನಲ್ಲಿ ಮಿಲ್ಲಿನ ಪರವಾಗಿ ತಿಂದಳು. ಹಬ್ಬ ಹತ್ತಿರ ಬಂದಾಗ ಸೇಠರ ಮುಂದೆ ನಿಂತಳು.

“ಸೇಠಜೀ, ಏನರ ಒಂದಿಷ್ಟು ಪಗಾರ ಕೊಟ್ರ ನಮ್ಮ ಮಮ್ಮಿ ಹರಕಿ ತೀರ್ತದ್ರಿ.”

“ಪಗಾರ ಇವತ್ತ ಬರ್ತದ, ನಾಳಿ ಖಲಾಸ್. ಅನುಭವ ಯಾವಾಗರ ಖರ್ಚ ಆಗ್ತದೇನು ಬೇಟಾ?” ಎಂದರು ಸೇಠರು. “ಒಂದು ಪಗಾರದ ಜಾಗಾ ಇಟ್ಟೀನಿ. ಅನುಭವದ ಸರ್ಟಿಫಿಕೇಟ್ ಇದ್ದವರಿಗೇ ಕೊಡಾಂವ. ನೀ ಧೈರ್ಯದಿಂದ ಇರು.”

ಶೈನಿ ಧೈರ್ಯದಿಂದ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರಾದ ಸತೀಶಕುಮಾರರನ್ನು ಕೇಳಿದಳು: “ಸರ್, ಪಗಾರ ಇಲ್ಲದ ದುಡಿಸ್ಕೊಳ್ಳೋದು ನ್ಯಾಯ ಏನ್ರಿ?”

ಪ್ರಶ್ನೆ ಗಂಭೀರವಾಗಿದ್ದರಿಂದ ಅವರು ಉತ್ತರ ಕೊಡದೆ ಸಮಿತಿ ರಚಿಸಿದರು. ಅಧ್ಯಕ್ಷರು ಅವರೇ. ವಿಷಯತಜ್ಞರು ಓಂಪ್ರಕಾಶ ಸೇಠರು. ಸಮಾಜದ ಪ್ರತಿನಿಧಿಯಾಗಿ ಭಾಲ್ಕಿಯ ಕಿರಾಣಿ ವ್ಯಾಪಾರಿ ಬಸವಣ್ಣೆಪ್ಪನವರು. ಅವರ ಅಂಗಡಿಗೂ ಇಬ್ಬರು ಇಂಟರ್ನ್ ಬೇಕಾಗಿದ್ದರು. ಸಮಿತಿಗೆ ಬರೆಯುವವರು ಇರಲಿಲ್ಲ. ಆದ್ದರಿಂದ ಶೈನಿಯನ್ನೇ ಕಾರ್ಯದರ್ಶಿ ಮಾಡಲಾಯಿತು. ಇದಕ್ಕೂ ಪಗಾರವಿಲ್ಲ, ಆದರೆ ಇದು ಬೇರೆ ಅನುಭವ.

“ಕಾಯಕವೇ ಕೈಲಾಸ ಅಂದಾರ ಹಿರ್ಯಾರು,” ಎಂದು ಬಸವಣ್ಣೆಪ್ಪನವರು ಚರ್ಚೆ ಆರಂಭಿಸಿದರು. “ಕೈಲಾಸಕ್ಕ ಹೋದವರು ಪಗಾರ ಕೇಳ್ತಾರೇನ್ರಿ?”

“ಹಿರ್ಯಾರು ಕಾಯಕ ಮಾಡಿದವರಿಗೆ ಉಣ್ಣಲಿಕ್ಕರ ಹಾಕ್ತಿದ್ರಲ್ರಿ,” ಎಂದಳು ಶೈನಿ.

“ಕಾರ್ಯದರ್ಶಿ ಮಾತಾಡಂಗಿಲ್ಲವ್ವಾ, ಬರೀ,” ಎಂದರು ಅಧ್ಯಕ್ಷರು.

ಮೂರು ಸಭೆ, ಮೂರು ಸಲ ಭಜ್ಜಿ ಆದ ಮೇಲೆ ಸಮಿತಿ ಒಮ್ಮತಕ್ಕೆ ಬಂತು. ಪ್ರಕಟಣೆಯನ್ನು ಶೈನಿಯೇ ಟೈಪು ಮಾಡಿ ಕಾಲೇಜಿನ ಬೋರ್ಡಿಗೆ ಅಂಟಿಸಿದಳು:

“ಈ ಮೂಲಕ ತಿಳಿಸುವುದೇನೆಂದರೆ, ಈಗಿನ ಪದ್ಧತಿಯು ಅನ್ಯಾಯವೆಂದು ಸಮಿತಿಯು ಮನಗಂಡಿದೆ. ಅನುಭವವು ಬೆಲೆಬಾಳುವ ವಸ್ತು. ವಿದ್ಯಾರ್ಥಿಗಳು ಅದನ್ನು ಏನೂ ಕೊಡದೆ ಮನೆಗೆ ಒಯ್ಯುತ್ತಿರುವುದರಿಂದ ಮಾಲೀಕರಿಗೆ ಆಗುತ್ತಿರುವ ನಷ್ಟ ಅಪಾರ. ಈ ಅನ್ಯಾಯದ ವಿರುದ್ಧ ಧ್ವನಿ ಎತ್ತಿದ ಕುಮಾರಿ ಶೈನಿಯನ್ನು ಅಭಿನಂದಿಸುತ್ತಾ, ಮುಂದಿನ ಬ್ಯಾಚಿನಿಂದ ಪ್ರತಿ ವಿದ್ಯಾರ್ಥಿಯು ಮಾಲೀಕರಿಗೆ ಐದು ಸಾವಿರ ರೂಪಾಯಿ ಅನುಭವ ಶುಲ್ಕ ಕಟ್ಟತಕ್ಕದ್ದು. ತಪ್ಪಿದರೆ ಹಾಲ್ ಟಿಕೆಟ್ ಇಲ್ಲ.”

ಸುದ್ದಿ ಹಬ್ಬಿ, ಜಿಲ್ಲೆಯ ಉಳಿದ ಕಾಲೇಜುಗಳೂ ಅನ್ಯಾಯವನ್ನು ಇದೇ ರೀತಿ ಸರಿಪಡಿಸಿಕೊಂಡವು. ಶೈನಿಗೆ ಸರ್ಟಿಫಿಕೇಟ್ ಬಂತು. ಸೀಲು ದೊಡ್ಡದು, ಸಹಿ ಅದಕ್ಕಿಂತ ದೊಡ್ಡದು. ಹೆಸರಿನ ಜಾಗ ಮಾತ್ರ ಖಾಲಿ. ಹೆಸರು ಬರೆಯುವುದು ಗುಮಾಸ್ತರ ಕೆಲಸ, ಗುಮಾಸ್ತರು ಇಲ್ಲ, ಆದ್ದರಿಂದ ಅವರವರ ಹೆಸರು ಅವರವರೇ ಬರೆದುಕೊಳ್ಳಬೇಕೆಂದು ಮಿಲ್ಲಿನ ನಿಯಮ.

ಮಾರ್ಗರೆಟಬಾಯಿ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. “ದುಡದಿದ್ದಕ್ಕ ಮೊದಲ ಬಂದಿದ್ದು ಇದೇ ಏನವಾ?”

“ಹೌದ ಮಮ್ಮಿ. ಬ್ಯಾರೆ ಏನೂ ಬಂದಿಲ್ಲ.”

“ಹಂಗಾರ ಇದೇ ದೇವರಿಗೆ. ಹೆಸರು ಬರೀಬ್ಯಾಡ, ದೇವರ ಮಾಲಿನ ಮ್ಯಾಲ ನಮ್ಮ ಹೆಸರು ಯಾಕ? ಲಿಲಾವಿನ್ಯಾಗ ಐವತ್ತು ರೂಪಾಯಿ ಕೂಗಿ ಬಿಡಿಸ್ಕೊಂಡು ಬರೋಣು. ಕಾಗದಕ್ಕ ಯಾರು ಕೂಗ್ತಾರ?”

ಹಬ್ಬದ ದಿನ ಸರ್ಟಿಫಿಕೇಟು ಒಂದು ಕುಂಬಳಕಾಯಿಗೂ ಒಂದು ಹುಂಜಕ್ಕೂ ನಡುವೆ ಕೂತಿತ್ತು. ಪಾಸ್ಟರ್ ಡೇನಿಯಲ ಅದರ ಮೇಲೂ ಪ್ರಾರ್ಥನೆ ಮಾಡಿದರು. ಲಿಲಾವು ಕೂಗುವ ಪಾಲಣ್ಣ ಅದನ್ನು ಎತ್ತಿ ಹಿಡಿದಾಗ ಮಾರ್ಗರೆಟಬಾಯಿ ಐವತ್ತು ಎಂದರು. ಪಾಲಣ್ಣನ ಎರಡನೇ ಕೂಗೂ ಆಯಿತು. ಅಷ್ಟರಲ್ಲಿ ಹಿಂದಿನಿಂದ “ಐದನೂರು” ಎಂಬ ದನಿ ಬಂತು.

ಕೂಗಿದವರು ಡಾಬಕಾದಿಂದ ಬೀಗರ ಮನೆಗೆ ಬಂದಿದ್ದ ಜಾನ್ಸನ. ಅವರ ಮಗ ಗುಡ್ಡು ಭಾಲ್ಕಿಯ ಕಾಲೇಜಿನಲ್ಲಿ ಕೊನೆಯ ವರ್ಷ. ಶುಲ್ಕ ಐದು ಸಾವಿರ, ಮೇಲೆ ಮೂರು ತಿಂಗಳ ಓಡಾಟ. ಹೆಸರಿಲ್ಲದ ಕಾಗದ ಅದಕ್ಕಿಂತ ಅಗ್ಗ ಎಂದು ಅವರು ಕೂತಲ್ಲೇ ಲೆಕ್ಕ ಹಾಕಿದ್ದರು.

“ಅಣ್ಣಾ, ಅದು ನನ್ನ ಮಗಳದದರಿ,” ಎಂದರು ಮಾರ್ಗರೆಟಬಾಯಿ.

“ದೇವರ ಮುಂದ ಇಟ್ಟ ಮ್ಯಾಲ ನಿಮ್ದು ಹ್ಯಾಂಗ ಆಗ್ತದಕ್ಕಾ? ಕೂಗ್ರಿ.”

ಮಾರ್ಗರೆಟಬಾಯಿ ಸೆರಗಿನ ಗಂಟು ಬಿಚ್ಚಿದರು. ಪಕ್ಕದವರ ಹತ್ತಿರ ಕೈಗಡ ತೆಗೆದು ಒಂದು ಸಾವಿರದವರೆಗೆ ಬಂದರು. ಜಾನ್ಸನ ನಾಲ್ಕು ಸಾವಿರ ಎಂದರು. ನಮ್ಮ ಚರ್ಚಿನಲ್ಲಿ ಕುರಿಮರಿಗೂ ಇಷ್ಟು ಕೂಗಿದ್ದಿಲ್ಲ. ಪಾಲಣ್ಣ ಮೂರನೇ ಸಲ ಕೂಗಿ ಮುಗಿಸಿದಾಗ ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನನಗಂತೂ ಕಣ್ಣು ತುಂಬಿ ಬಂತು. ಗುಡ್ಡು ಅಲ್ಲೇ ನಿಂತು ಖಾಲಿ ಜಾಗದಲ್ಲಿ ತನ್ನ ಹೆಸರು ಬರೆದ; ಪೆನ್ನು ನಾನು ಕೊಟ್ಟೆ.

ಸೋಮವಾರ ಶೈನಿ ಬೇರೆ ಸರ್ಟಿಫಿಕೇಟ್ ಕೇಳಲು ಮಿಲ್ಲಿಗೆ ಹೋದಳು.

“ಒಬ್ಬರಿಗೆ ಒಂದೇ ಕೊಡೋದು ಕಾಯ್ದೆ. ನಿನ್ನದು ದೇವರಿಗೆ ಮುಟ್ಟೇದ, ಪುಣ್ಯಾತ್ಗಿತ್ತಿ,” ಎಂದರು ಸೇಠರು. “ಹೊಸಾ ಬೇಕಂದ್ರ ಹೊಸಾ ಬ್ಯಾಚಿಗೆ ಸೇರು. ಹಳೀ ಹುಡುಗಿ ಅಂತ ಶುಲ್ಕ ಕಂತಿನ್ಯಾಗ ತಗೋತೀನಿ.”

“ಮತ್ತ ಆ ಪಗಾರದ ಜಾಗಾ ರಿ?”

“ಅದು ತುಂಬ್ತು ಬೇಟಾ. ನಿನ್ನೆ ಸಂಜಿಗೇ ಒಬ್ಬ ಅನುಭವ ಇದ್ದ ಹುಡುಗ ಬಂದಿದ್ದ, ಸರ್ಟಿಫಿಕೇಟ್ ಹಿಡ್ಕೊಂಡು. ಸಹಿ ನನ್ನದೇ ಅದ. ಹ್ಯಾಂಗ ಇಲ್ಲ ಅನ್ಲಿ?”

ಸರ್ಟಿಫಿಕೇಟ್ ತೋರಿಸದಿದ್ದರೆ ಕಾಲೇಜಿನಲ್ಲಿ ಹಾಲ್ ಟಿಕೆಟ್ ಇಲ್ಲ. ಮಾರ್ಗರೆಟಬಾಯಿ ಆಸ್ಪತ್ರೆಯಲ್ಲಿ ಮುಂಗಡ ಪಡೆದು ಮೊದಲ ಕಂತು ಕಟ್ಟಿದರು. ಮರುದಿನ ಶೈನಿ ಒಳಗೆ ಹೋದಾಗ ದೊಡ್ಡ ಕುರ್ಚಿಯಲ್ಲಿ ಗುಡ್ಡು ಕೂತಿದ್ದ. ಇಂಟರ್ನ್‌ಗಳಿಗೆ ಕಲಿಸುವುದು ಅವನ ಹುದ್ದೆ. ಅವಳನ್ನು ಕಂಡವನೇ ಎದ್ದು ನಿಂತ. ಸಂಸ್ಕಾರವಂತ ಹುಡುಗ.

“ಅಕ್ಕಾ, ಈ ತೂಕದ ಮಷಿನ್ ಚಾಲೂ ಹ್ಯಾಂಗ ಮಾಡೋದ್ರಿ?”

ಶೈನಿಗೆ ಅಳು ಬಂತು. ಹೊರಗೆ ಔರಾದದ ಲಾರಿ ಹಾರ್ನ್ ಹೊಡೆಯುತ್ತಿದ್ದುದರಿಂದ ಅಳಲು ಪುರಸೊತ್ತಾಗಲಿಲ್ಲ. ಅವಳು ಹೋಗಿ ಬಟನ್ ಒತ್ತಿದಳು.

ಸಂಜೆ ಮೇಲ್ವಿಚಾರಕರ ವರದಿ ಸೇಠರ ಟೇಬಲ್ಲಿಗೆ ಬಂತು: “ಹೊಸದಾಗಿ ಸೇರಿದ ಕುಮಾರಿ ಶೈನಿಗೆ ಅನುಭವ ಸಾಲದು. ಆದರೆ ಹೇಳಿಕೊಟ್ಟರೆ ಬೇಗ ಕಲಿಯುತ್ತಾಳೆ.” ಗುಡ್ಡುವಿಗೆ ವರದಿ ಬರೆಯಲು ಇನ್ನೂ ಬರುತ್ತಿರಲಿಲ್ಲ, ಅವನು ಹೇಳುತ್ತ ಹೋದ, ಶೈನಿ ಬರೆದುಕೊಟ್ಟಳು.