ಮೂರು ತಾಲೂಕು ತಿರುಗಿದ ಕ್ರೀಡಾಂಗಣ

ರೋಣದ ‘ಮುಂಜಾನೆ’ ಮಹಿಳಾ ಫುಟ್ಬಾಲ್ ಸಂಘಕ್ಕೆ ಕಳೆದ ಏಳು ವರ್ಷಗಳಲ್ಲಿ ನಾಲ್ಕು ತವರು ಕ್ರೀಡಾಂಗಣಗಳಾಗಿವೆ. ನಾಲ್ಕಕ್ಕೂ ಸೇರಿ ಕಲ್ಲು ಒಂದೇ.

ಮೊದಲನೆಯದು ಸ್ಥಾಪನೆಯಾದದ್ದು ರೋಣದ ಹೊರಗೆ, ಜಕ್ಕಲಿ ರಸ್ತೆಯಲ್ಲಿ. ತ್ರಿತಾಲೂಕು ಕ್ರೀಡಾಂಗಣ ಮಂಡಳಿಯವರು ಬಂದು ಕರಿ ಗ್ರಾನೈಟಿನ ಅಡಿಗಲ್ಲು ನೆಟ್ಟರು. ಹನ್ನೊಂದು ಮಂದಿ ಗಣ್ಯರ ಹೆಸರು ಕೆತ್ತಬೇಕಾಗಿದ್ದರಿಂದ ಸಂಘದ ಹೆಸರಿಗೆ ಜಾಗ ಸಾಲಲಿಲ್ಲ. ಕಾವಲಿಗೆ ನೇಮಕವಾದ ನಬೀಸಾಬರು ಕಲ್ಲಿನ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತರು. ಕ್ರೀಡಾಂಗಣ ಬಳಕೆಗೆ ಬಂದಿದೆ ಎಂದು ಮಂಡಳಿ ಪ್ರಕಟಿಸಿತು.

ಎರಡು ವರ್ಷದ ಮೇಲೆ, ಆ ಜಾಗದಲ್ಲಿ ಮಂಡಳಿ ಸದಸ್ಯರ ಅಳಿಯಂದಿರು ಅಂಗಡಿ ಕಟ್ಟುವುದು ಸಾರ್ವಜನಿಕ ಹಿತಕ್ಕೆ ಅಗತ್ಯವೆಂದು ಕಂಡುಬಂತು. ಗಣ್ಯರ ಹೆಸರಿದ್ದ ಕಲ್ಲನ್ನು ಒಡೆಯುವಂತಿರಲಿಲ್ಲ. ಆದ್ದರಿಂದ ‘ಅಡಿಗಲ್ಲು ಎಲ್ಲಿದೆಯೋ ಅದೇ ಕ್ರೀಡಾಂಗಣ’ ಎಂದು ನಿಯಮ ಮಾಡಿ, ಕಲ್ಲನ್ನು ನರಗುಂದಕ್ಕೆ ಸಾಗಿಸಿದರು. ಕುರ್ಚಿ ಹಿಡಿದುಕೊಂಡು ನಬೀಸಾಬರೂ ಹೋದರು. ಅಲ್ಲಿ ಕಲ್ಯಾಣ ಮಂಟಪ ಎದ್ದಿತು. ಕ್ರೀಡಾಂಗಣ ಗಜೇಂದ್ರಗಡದಲ್ಲಿರುವ ಮಂಡಳಿಯ ಕಚೇರಿ ವರಾಂಡಕ್ಕೆ ಬಂತು. ‘ಕ್ರೀಡಾಂಗಣ. ಚಪ್ಪಲಿ ಹೊರಗೆ ಬಿಡಿ’ ಎಂಬ ಫಲಕವನ್ನೂ ಹಾಕಲಾಯಿತು.

ಇಷ್ಟರಲ್ಲಿ ಲೀಗಿನವರ ನೋಟಿಸು ಬಂತು. ಮಾರ್ಚ್ ಮುಗಿಯುವುದರೊಳಗೆ ತನ್ನ ತವರು ಕ್ರೀಡಾಂಗಣದಲ್ಲಿ ಒಂದು ಪಂದ್ಯವನ್ನಾದರೂ ಆಡದ ಸಂಘದ ಹೆಸರನ್ನು ಲೀಗಿನಿಂದ ತೆಗೆಯಲಾಗುವುದು.

ಸಂಘದ ಅಧ್ಯಕ್ಷೆ ರಹಿಮತಬಿ. ಒಂದು ಕಾಲಕ್ಕೆ ಮಂದಿಯ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವರು, ಈಗ ಸ್ವಂತ ರೊಟ್ಟಿ ಕೇಂದ್ರ ಮತ್ತು ಟ್ರ್ಯಾಕ್ಟರು ಉಳ್ಳವರು. ನಿಯಮಾವಳಿಯನ್ನು ಮೂರು ಸಲ ಓದಿಕೊಂಡು ಅವರು ಮಂಡಳಿಯ ಅಧಿಕಾರಿ ರಾಘಣ್ಣನವರ ಮುಂದೆ ಹೋಗಿ ಕುಳಿತರು.

“ವರಾಂಡಾದಾಗ ಆಡ್ರಲ್ಲ ಅಕ್ಕಾರ,” ಅಂದರು ರಾಘಣ್ಣ. “ಮೂರ್ಮೂರು ಮಂದಿ ಹಿಡಸ್ತೀರಿ. ಚೆಂಡ ಸಣ್ಣದ ತರ್ರಿ.”

“ಸಾಹೇಬ್ರ, ಕಲ್ಲ ಇದ್ದಲ್ಲೇ ಕ್ರೀಡಾಂಗಣ ಅಂತ ಬರದವರು ನೀವ ಹೌದಿಲ್ರಿ?”

“ಹೌದ್ರಿ. ನಂದ ಸಹಿ ಐತಿ.”

“ಹಂಗಾದ್ರ ಕಲ್ಲ ಕೊಡ್ರಿ. ನನ್ನ ಟ್ರ್ಯಾಲಿ ಹೊರಗ ನಿಂತೈತಿ.”

ವರಾಂಡದಲ್ಲಿ ಜೆರಾಕ್ಸ್ ಯಂತ್ರ ಇಡಬೇಕಾಗಿತ್ತು. ‘ಸಂಚಾರಿ ತವರು ಕ್ರೀಡಾಂಗಣ’ಕ್ಕೆ ಅಂದೇ ಮಂಜೂರಾತಿ ಸಿಕ್ಕಿತು. ನಬೀಸಾಬರ ಕುರ್ಚಿಯನ್ನು ಟ್ರ್ಯಾಲಿಗೆ ಹಗ್ಗದಿಂದ ಬಿಗಿದರು.

ಮಾರ್ಚ್ ಮೂವತ್ತಕ್ಕೆ ನರಗುಂದದ ತಂಡದೊಡನೆ, ನರಗುಂದದವರದೇ ಮೈದಾನದಲ್ಲಿ ಪಂದ್ಯ. ಟ್ರ್ಯಾಲಿ ಗೆರೆಯ ಪಕ್ಕ ನಿಂತಿತು. ರೆಫರಿ ದಾದಾಪೀರ ಆದೇಶ ಓದಿ, ಇದು ರೋಣದವರ ತವರು, ನರಗುಂದದವರು ಅತಿಥಿಗಳು ಎಂದು ತೀರ್ಪು ಕೊಟ್ಟರು.

“ಸರ, ನಮ್ಮೂರಾಗ ನಾವ ಬೀಗರೇನ್ರಿ?” ಎಂದು ಕೇಳಿದಳು ನರಗುಂದದ ನಾಯಕಿ ಪದ್ಮಶ್ರೀ.

“ನಾ ಏನ ಮಾಡ್ಲಿವಾ. ಕಲ್ಲ ಅವರದೈತಿ.”

ಅತಿಥಿಗಳಿಗೆ ರಹಿಮತಬಿ ರೊಟ್ಟಿ, ಝುಣಕ ಬಡಿಸಿದರು. ರೋಣದವರು ಮೂರು ಗೋಲಿನಿಂದ ಸೋತರೂ ಲೀಗಿನಲ್ಲಿ ಹೆಸರು ಉಳಿಯಿತು.

ಈ ಏರ್ಪಾಡು ಮಂಡಳಿಯ ಮನಸ್ಸಿಗೆ ಬಂತು. ಟ್ರ್ಯಾಲಿಯಲ್ಲಿ ಕ್ರೀಡಾಂಗಣ ಇದ್ದವರಿಗೆ ನೆಲ ಬೇಕಿಲ್ಲ. ಆರು ತಿಂಗಳಲ್ಲಿ ಮೂರೂ ತಾಲೂಕಿನ ಉಳಿದ ಹನ್ನೊಂದು ಸಂಘಗಳಿಗೂ ಒಂದೊಂದು ಕಲ್ಲು ಹಂಚಿ, ಅವರ ಮೈದಾನಗಳನ್ನು ಒಂದೊಂದಾಗಿ ನಿವೇಶನ ಮಾಡುತ್ತ ಬಂದರು. ಸದಸ್ಯರಿಗೆ ಅಳಿಯಂದಿರು ಇನ್ನೂ ಇದ್ದರು. ಉಳಿದದ್ದು ನರಗುಂದದ ಮೈದಾನವೊಂದೇ. ಹನ್ನೆರಡು ಕ್ರೀಡಾಂಗಣಗಳ ನಿಲುಗಡೆಗೆ ಬೇರೆ ಸ್ಥಳ ಸಿಗದ್ದರಿಂದ ಅದನ್ನು ಅದಕ್ಕಾಗಿಯೇ ಕಾಯ್ದಿರಿಸಿದ್ದಾರೆ.

ಈಗ ಪ್ರತಿ ರವಿವಾರ ಟ್ರ್ಯಾಲಿಗಳು ಅಲ್ಲಿ ಸಾಲಾಗಿ ನಿಲ್ಲುತ್ತವೆ. ಹುಡುಗಿಯರು ಬೂಟು ಬಿಗಿದುಕೊಂಡು ಟ್ರ್ಯಾಲಿಯಲ್ಲಿ ಕುಳಿತಿರುತ್ತಾರೆ. ಆಡೋದು ಎಲ್ಲಿ ಎಂದು ರೋಣದ ನಾಯಕಿ ಸಿಮ್ರಾನ ಒಮ್ಮೆ ಕೇಳಿದ್ದಳು.

“ಲೀಗಿನ್ಯಾಗ ಹೆಸರೈತಿಲ್ಲ?” ಅಂದರು ರಹಿಮತಬಿ. ಅವಳ ಕೈಗೆ ಅರಿವೆ ಕೊಟ್ಟರು. “ಮದಲ ಕಲ್ಲ ಒರಸು.”

ಆಡಲು ಜಾಗವಿಲ್ಲದ್ದರಿಂದ ಎಲ್ಲ ಪಂದ್ಯಗಳನ್ನೂ ಲೀಗಿನವರು ಸಮ ಎಂದು ಘೋಷಿಸುತ್ತಿದ್ದಾರೆ. ಯಾರಿಂದಲೂ ಆಕ್ಷೇಪಣೆ ಬಂದಿಲ್ಲ. ‘ಮುಂಜಾನೆ’ ಸಂಘ ಈ ಹಂಗಾಮಿನಲ್ಲಿ ತವರಿನಲ್ಲಿ ಒಂದು ಪಂದ್ಯವನ್ನೂ ಸೋತಿಲ್ಲ.