ಕಾವು ಕಳಚಿದ ಸುತ್ತಿಗೆಗಳು

ನಮ್ಮ ಮನೆಯವರು ಜಿಪುಣರು. ಇದನ್ನು ನಾನು ಸಿಟ್ಟಿನಲ್ಲಿ ಹೇಳುತ್ತಿಲ್ಲ. ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸಿಯೇ ತಲೆ ನರೆತವಳು ನಾನು. ಸಾಕ್ಷ್ಯವಿಲ್ಲದೆ ತೀರ್ಪು ಕೊಡುವ ಅಭ್ಯಾಸ ನನಗಿಲ್ಲ. ಹಣದ ಮಟ್ಟಿಗೆ ಅವರ ಕೈ ಧಾರಾಳ. ಕೇಳಿದವರಿಗೆ ಕೊಡೆ ಕೊಡುತ್ತಾರೆ, ಕೇಳದವರಿಗೆ ಸಲಹೆ ಕೊಡುತ್ತಾರೆ, ಆಸ್ಪತ್ರೆಗೆ ಹೋಗಿ ರಕ್ತವನ್ನೂ ಕೊಟ್ಟು ಬಂದಿದ್ದಾರೆ. ಆದರೆ ಸುತ್ತಿಗೆ ಕೊಡುವುದಿಲ್ಲ!

ನಮ್ಮ ಮನೆಯ ಬೀದಿ ಕಡೆಯ ಕೋಣೆ ತುಂಬ ಹಳೆಯ ಕೈ ಉಪಕರಣಗಳು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಈ ಮನುಷ್ಯ ತಮ್ಮ ಜನ್ಮದಲ್ಲಿ ಒಂದು ಮೊಳೆಯನ್ನು ನೆಟ್ಟಗೆ ಹೊಡೆದವರಲ್ಲ. ಹುಡುಗರ ಮೇಲೆ ಕೈ ಎತ್ತಿದವರೂ ಅಲ್ಲ. ಸಂಗ್ರಹಿಸಿದ್ದು ಮಾತ್ರ ಪೆಟ್ಟು ಕೊಡುವ ಜಾತಿಯನ್ನೇ: ಸುತ್ತಿಗೆ, ಕೊಡಲಿ, ಬಾಚಿ, ಗುದ್ದಲಿ, ಪಿಕಾಸಿ. ಇಕ್ಕಳ, ಗರಗಸಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಎಲ್ಲೋ ಒಂದು ಕುಲುಮೆ ಮುಚ್ಚಿತಂತೆ, ಯಾರೋ ಬಡಗಿ ತೀರಿಕೊಂಡನಂತೆ, ಕಲ್ಲುಕುಟಿಗನ ಮನೆಯವರು ಕಬ್ಬಿಣವನ್ನೆಲ್ಲ ಗುಜರಿಗೆ ಹಾಕುತ್ತಾರಂತೆ ಎಂದು ಕಿವಿಗೆ ಬಿದ್ದರೆ ಸಾಕು, ಹೊರಟರು! ಸಾವಿನ ಮನೆಗೆ ಬೇರೆಯವರು ಸಮಾಧಾನದ ಮಾತು ಒಯ್ಯುತ್ತಾರೆ. ಇವರು ಚೀಲ ಒಯ್ಯುತ್ತಿದ್ದರು.

“ಒಬ್ಬರ ಕೈಯಲ್ಲಿ ಸವೆದದ್ದು ತಕ್ಕಡಿಗೆ ಹೋಗಬಾರದು ಕಣೇ,” ಎನ್ನುತ್ತಿದ್ದರು.

“ಗುಜರಿಯವನು ಕರಗಿಸಿ ಇನ್ನೇನಾದರೂ ಮಾಡಿಸ್ತಾನೆ. ನೀವು ಜೀವಾವಧಿ ಶಿಕ್ಷೆ ಕೊಡ್ತಿದ್ದೀರಿ.”

“ನಿನಗೆ ಅರ್ಥ ಆಗಲ್ಲ ಬಿಡು.”

ನನಗೆ ಅರ್ಥವಾಗದ ವಿಷಯ ಜಗತ್ತಿನಲ್ಲಿ ಕಡಿಮೆ. ಅದರಲ್ಲಿ ಇದೊಂದು ಸೇರಿಕೊಂಡಿತ್ತು.

ಈ ಜಿಪುಣತನದ ಶಿಖರ ಯಾವುದು ಎಂದು ಹೇಳಿಬಿಡುತ್ತೇನೆ. ಯಾವ ಉಪಕರಣ ಮನೆಗೆ ಬಂದರೂ ಮೊದಲ ಕೆಲಸ ಅದರ ಕಾವು ಕಳಚುವುದು. ಕಾವು ಎಂದರೆ ಮರದ ಹಿಡಿ. ಕಬ್ಬಿಣದ ತಲೆ ಒಂದು ಕಡೆ, ಎಣ್ಣೆ ಸವರಿಸಿಕೊಂಡು, ಬಟ್ಟೆ ಹೊದ್ದುಕೊಂಡು ಮಲಗುತ್ತಿತ್ತು. ಕಾವು ಇನ್ನೊಂದು ಮೂಲೆಯಲ್ಲಿ, ತನ್ನಂಥ ಅನಾಥರ ಜೊತೆ ಹಗ್ಗದಲ್ಲಿ ಕಟ್ಟಿಸಿಕೊಂಡು ನಿಲ್ಲುತ್ತಿತ್ತು. ಹೀಗೇಕೆ ಎಂದು ಹೊಸದರಲ್ಲಿ ಕೇಳಿದ್ದೆ.

“ಹಿಡಿ ಇದ್ದರೆ ಯಾರಾದರೂ ಕೇಳಿಬಿಡ್ತಾರೆ,” ಎಂದಿದ್ದರು. “ಬೋಳು ತಲೆಯನ್ನ ಯಾರು ಎರವಲು ಕೇಳ್ತಾರೆ?”

ನೋಡಿದಿರಾ? ಇದಕ್ಕಿಂತ ಸಾಕ್ಷ್ಯ ಬೇಕೆ?

ಹೀಗಿರುವಾಗ ನಮ್ಮ ಮಗಳಿಗೆ ಆ ಕೋಣೆ ಬೇಕಾಯಿತು. ಅವಳು ಫಿಸಿಯೋಥೆರಪಿಸ್ಟ್. ಅವಳು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ಆ ವಿಭಾಗವನ್ನೇ ಮುಚ್ಚಿದರು. ಮಂಡಿ ನೋವಿನವರು, ಪಾರ್ಶ್ವವಾಯು ಹೊಡೆದವರು “ನಾವು ಎಲ್ಲಿಗೆ ಬರಬೇಕು ಡಾಕ್ಟ್ರೇ?” ಎಂದು ದಿನವೂ ಫೋನು ಮಾಡುತ್ತಿದ್ದರು. ನಮ್ಮ ಬೀದಿ ಕಡೆಯ ಕೋಣೆಗೆ ಪ್ರತ್ಯೇಕ ಬಾಗಿಲಿದೆ, ಮೆಟ್ಟಿಲಿಲ್ಲ, ಗಾಲಿಕುರ್ಚಿ ಸೀದಾ ಒಳಗೆ ಬರುತ್ತದೆ.

“ಅಪ್ಪ, ನನಗೆ ಕೋಣೆ ಬೇಕು. ಸೋಮವಾರ ಮಂಚ ಬರುತ್ತೆ. ರೋಗಿಗಳಿಗೆ ಹೇಳಿಯಾಗಿದೆ.”

“ಕೋಣೆ ನಿನ್ನದೇ ಪುಟ್ಟಿ,” ಎಂದರು. ಕೋಣೆಯೊಳಗೆ ಇಣುಕಿ, “ಇವು ಎಲ್ಲಿಗೆ ಹೋಗ್ತವೆ?” ಎಂದು ಕೇಳಿದರು. ಪ್ರಶ್ನೆ ಮಗಳಿಗೋ, ನನಗೋ, ಸುತ್ತಿಗೆಗಳಿಗೋ ತಿಳಿಯಲಿಲ್ಲ.

ಆಮೇಲೆ ಶುರುವಾಯಿತು ವರಪರೀಕ್ಷೆ! ಮಗಳ ಮದುವೆಯಲ್ಲೂ ಈ ಮನುಷ್ಯ ಹುಡುಗನನ್ನು ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಒಂದು ಹೋಟೆಲಿನ ಅಲಂಕಾರದವನು ಬಂದ. “ಗೋಡೆ ತುಂಬ ಜೋಡಿಸ್ತೀವಿ ಸರ್. ಮೇಲೆ ಚಿನ್ನದ ಬಣ್ಣ ಹೊಡೆದುಬಿಟ್ರೆ ಏನ್ ಲುಕ್ಕು ಅಂತೀರಿ!” ಇವರು ಅವನನ್ನು ಗೇಟಿನವರೆಗೆ ಬಿಟ್ಟು ಬಂದರು, ಮತ್ತೆ ಬರದ ಹಾಗೆ ಚಿಲಕವನ್ನೂ ಹಾಕಿದರು.

“ಹೆಣಕ್ಕೆ ಸಿಂಗಾರ ಮಾಡ್ತಾನಂತೆ!”

“ಇಲ್ಲಿ ಎಣ್ಣೆ ಹಚ್ಚಿ ಬಟ್ಟೆ ಹೊದಿಸಿ ಮಲಗಿಸಿರೋದು ಇನ್ನೇನನ್ನ?” ಎಂದೆ.

ವಸ್ತುಸಂಗ್ರಹಾಲಯದವರು “ನಮ್ಮಲ್ಲಿ ಆಗಲೇ ಒಂದು ಸುತ್ತಿಗೆ ಇದೆ” ಎಂದು ಫೋನು ಇಟ್ಟರು. ಗುಜರಿಯವನ ಹೆಸರನ್ನು ನಾನು ಎತ್ತಿದ್ದಕ್ಕೆ ಒಂದು ಹೊತ್ತು ಮಾತು ಬಿಟ್ಟರು. ಶನಿವಾರ ಬಂತು. ಕೋಣೆಯಿಂದ ಒಂದು ಮೊಳೆಯೂ ಕದಲಿರಲಿಲ್ಲ.

ಆಗ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದೆ. “ರೀ, ನಾಳೆ ನೀವು ನಿಮ್ಮ ತಂಗಿ ಮನೆಗೆ ಹೋಗಿಬಿಡಿ. ಸೋಮವಾರ ಬನ್ನಿ. ಒಂದೇ ಭಾನುವಾರದಲ್ಲಿ ಕೋಣೆ ಖಾಲಿ ಮಾಡಿ ತೋರಿಸ್ತೀನಿ. ವಿಶ್ವವಿದ್ಯಾಲಯದ ಪರೀಕ್ಷೆಗಳನ್ನೇ ನಡೆಸಿದವಳಿಗೆ ಈ ಕಬ್ಬಿಣ ಯಾವ ಲೆಕ್ಕ?”

ಅವರು ವಾದಿಸುತ್ತಾರೆ ಎಂದುಕೊಂಡಿದ್ದೆ. “ನೀನೇ ಕೊಡು,” ಎಂದರು. “ನನ್ನ ಕೈಯಿಂದ ಆಗಲ್ಲ. ಬಳಸೋರಿಗೆ ಕೊಡು, ಅಷ್ಟೆ.” ಬೆಳಿಗ್ಗೆ ಕೋಣೆಯ ಕಡೆ ತಿರುಗಿ ನೋಡದೆ ಬಸ್ಸು ಹತ್ತಲು ಹೋದರು.

ನನ್ನ ಭಾನುವಾರದ ದಂಡಯಾತ್ರೆಯನ್ನು ಇತಿಹಾಸ ದಾಖಲಿಸಬೇಕಿತ್ತು! ಇಡೀ ಬೀದಿಗೆ ಹೇಳಿ ಕಳಿಸಿದೆ. ಜನ ಸಾಲಾಗಿ ಬಂದರು. ನನ್ನ ವಿಧಾನ ಸರಳ, ಶುದ್ಧ, ತರ್ಕಬದ್ಧ: ಒಬ್ಬೊಬ್ಬರಿಗೂ ಒಂದು ತಲೆ, ಒಂದು ಕಾವು. ತಲೆಗಳು ಎಷ್ಟೋ ಕಾವುಗಳೂ ಅಷ್ಟೇ ಇರುವಾಗ ತಪ್ಪು ಎಲ್ಲಿಂದ ಬರಬೇಕು? ದಪ್ಪ ತಲೆಗೆ ದಪ್ಪ ಕಾವು, ಸಣ್ಣ ತಲೆಗೆ ಸಣ್ಣದು. ಹಿಡಿ ಎಂದರೆ ಹಿಡಿ!

ಮೂಲೆಮನೆಯ ಲಾರಿ ಡ್ರೈವರ್ ತನ್ನ ಪಾಲಿನ ಸುತ್ತಿಗೆಗೆ ಕಾವು ತೂರಿಸಿ ಅಲ್ಲಾಡಿಸಿ ನೋಡಿದ.

“ಮೇಡಂ, ಸ್ವಲ್ಪ ಸಡಿಲ ಅನ್ಸುತ್ತೆ.”

“ಹೊಸ ಜೋಡಿಯಲ್ಲವೇ? ಹೊಂದಿಕೊಳ್ಳುತ್ತವೆ.”

“ಮದುವೆ ಆದಮೇಲೆ ಹೊಂದಿಕೊಳ್ತೀರಿ ಅಂತ ನಮಗೂ ಹಿಂಗೇ ಹೇಳಿದ್ರು ಮೇಡಂ,” ಎಂದು ಹೆಂಡತಿಯ ಮುಖ ನೋಡಿ ನಕ್ಕ. ಆಕೆ ನಗಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಕೋಣೆ ಖಾಲಿ. ಗುಡಿಸಿದೆ, ಒರೆಸಿದೆ, ನಡುವೆ ನಿಂತು ಒಮ್ಮೆ ಕೆಮ್ಮಿದೆ. ಪ್ರತಿಧ್ವನಿ ಬಂತು. ಅಂಥ ಚಪ್ಪಾಳೆ ನನಗೆ ನಿವೃತ್ತಿಯ ಸಮಾರಂಭದಲ್ಲೂ ಸಿಕ್ಕಿರಲಿಲ್ಲ.

ಸೋಮವಾರ ಬೆಳಿಗ್ಗೆ ಎದುರುಮನೆಯ ಟೈಲರಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬಟ್ಟೆಯ ತುಂಡಿನಲ್ಲಿ ಸುತ್ತಿದ ಏನೋ ಭಾರ.

“ಮೇಡಂ, ನಿಮ್ಮ ಸುತ್ತಿಗೆ ನಮ್ಮ ಮನೆಗೆ ಬಂದಿದೆ.”

“ನಿಮಗೆ ಕೊಟ್ಟದ್ದು ಗುದ್ದಲಿ ಅಲ್ಲವೇ?”

“ಹೌದು. ಇದು ಕಿಟಕಿಯಿಂದ ಬಂತು.”

ಹಿಂದೆಯೇ ಡ್ರೈವರ್, ಮುಖ ಬಾಡಿಸಿಕೊಂಡು. ಕೈಯಲ್ಲಿ ಬರಿಯ ಕಾವು. ಸಡಿಲವಾಗಿದ್ದದ್ದಕ್ಕೆ ಬಟ್ಟೆ ತುರುಕಿ, ಅಂಗಳದಲ್ಲಿ ಗೂಟ ಹೊಡೆಯಲು ಬೀಸಿದ್ದಾನೆ. ಗೂಟಕ್ಕೆ ಕಾವು ತಾಗಿದೆ. ತಲೆ ರಸ್ತೆ ದಾಟಿ ಪ್ರಯಾಣ ಬೆಳೆಸಿದೆ! ಅವನ ಹಿಂದೆ ನಮ್ಮ ಬೀದಿಯ ಕಾಂಪೌಂಡರ್, ಕೊಡಲಿಯ ಎರಡು ಭಾಗಗಳನ್ನು ಎರಡು ಕೈಯಲ್ಲಿ ಹಿಡಿದು.

“ಎತ್ತಿದರೆ ಕಾವು ಮಾತ್ರ ಮೇಲೆ ಬರುತ್ತೆ ಮೇಡಂ. ಕೊಡಲಿ ಕೊಂಬೆಯಲ್ಲೇ ಕೂತಿರುತ್ತೆ. ನಮ್ಮನೇಲಿ ಬಿದ್ದು ಬಿದ್ದು ನಕ್ಕರು.”

ಕೊಡಲಿ ಕಾವು ಕುಲಕ್ಕೆ ಮೂಲ ಎನ್ನುತ್ತಾರೆ. ಇಲ್ಲಿ ಇಡೀ ಬೀದಿಗೇ ಮೂಲವಾಗಿತ್ತು. ನನಗೂ ನಗು ಬಂತು. ಆಗ ಡ್ರೈವರನ ಹೆಂಡತಿ ಮೆಲ್ಲಗೆ ಹೇಳಿದಳು: “ಟೈಲರಕ್ಕ ನೀರು ಕುಡಿಯೋಕೆ ಅಂತ ಎದ್ದಿದ್ರು ಮೇಡಂ. ಹೊಲಿಗೆ ಯಂತ್ರದ ಮುಂದೇನೇ ಕೂತಿದ್ದಿದ್ರೆ?”

ನಗು ನಿಂತಿತು. ಟೈಲರಮ್ಮ ಬಟ್ಟೆಯ ಗಂಟನ್ನು ನನ್ನ ಕೈಗಿಟ್ಟರು. ಅದು ಎಷ್ಟು ಭಾರವಿತ್ತು ಎಂದು ನನಗೆ ಆಗಲೇ ತಿಳಿದದ್ದು. ಭಾನುವಾರ ಬೆಳಿಗ್ಗೆಯೆಲ್ಲ ಅಂಥವನ್ನು ಹಂಚಿದ್ದೆ. ಒಂದನ್ನೂ ತೂಗಿ ನೋಡಿರಲಿಲ್ಲ.

“ಎಲ್ಲರಿಗೂ ಹೇಳಿ,” ಎಂದೆ. “ಯಾರೂ ಬೀಸಬೇಡಿ. ವಾಪಸು ತಂದುಬಿಡಿ.”

ತಂದರು. ತಲೆಗಳ ಒಂದು ರಾಶಿ, ಕಾವುಗಳ ಒಂದು ರಾಶಿ. ಸೋಮವಾರ ಮಧ್ಯಾಹ್ನಕ್ಕೆ ಕೋಣೆ ಮೊದಲಿಗಿಂತ ಹೆಚ್ಚು ತುಂಬಿತ್ತು. ಅದೇ ಹೊತ್ತಿಗೆ ಟೆಂಪೋದಲ್ಲಿ ಮಗಳ ಮಂಚ ಬಂತು. ಇಡಲು ಜಾಗವಿಲ್ಲದೆ ಮನೆಯೊಳಗಿನ ಓಣಿಯಲ್ಲಿ ಅಡ್ಡ ನಿಂತಿತು. ಅಡುಗೆಮನೆಗೆ ಹೋಗಬೇಕಾದರೆ ಅದರ ಕೆಳಗೆ ನುಸುಳಬೇಕು.

“ಅಮ್ಮ, ಕೋಣೆ ಖಾಲಿ ಆಯ್ತು ಅಂದಿದ್ದೆ?”

“ಆಗಿತ್ತು.”

“ಮತ್ತೆ ಇದು?”

“ಇದು ಪರಿಷ್ಕೃತ ಆವೃತ್ತಿ.”

ಅವಳು ನಗಲಿಲ್ಲ. “ನಾಳೆ ಬೆಳಿಗ್ಗೆ ಒಬ್ಬರು ಗಾಲಿಕುರ್ಚಿಯಲ್ಲಿ ಬರ್ತಾರಮ್ಮ. ಬೇಡ ಅಂತ ಹೇಳಿಬಿಡಲಾ?” ಎಂದು ಫೋನು ಕೈಗೆ ತೆಗೆದುಕೊಂಡಳು.

ಅಷ್ಟರಲ್ಲಿ ನಮ್ಮ ಮನೆಯವರು ಬಂದರು. ಮಂಚ ನೋಡಿದರು, ಜನರನ್ನು ನೋಡಿದರು, ರಾಶಿ ನೋಡಿದರು. ನಡೆದದ್ದನ್ನು ಡ್ರೈವರ್ ಹೇಳಿದ. ನಾನು ಅವರ ಮುಖವನ್ನೇ ಗಮನಿಸುತ್ತಿದ್ದೆ. ಗೆದ್ದವರ ಮುಖ ನನಗೆ ಪರಿಚಿತ. ಕನ್ನಡಿಯಲ್ಲಿ ಆಗಾಗ ನೋಡಿದ್ದೇನೆ. ಈಗ ಎಲ್ಲವೂ ತಾನಾಗಿ ಮನೆಗೆ ಮರಳಿದೆ. “ನಾನು ಹೇಳಿರಲಿಲ್ಲವಾ?” ಎಂದರೆ ಸಾಕು, ಮಗಳ ಕೋಣೆ ಹೋಯಿತು.

“ನೀನು ಮಾಡಿದ್ದು ತಪ್ಪಲ್ಲ ಬಿಡು,” ಎಂದರು. “ಯಾವ ತಲೆಗೆ ಯಾವ ಕಾವು ಅಂತ ನಿನಗೆ ಹೇಗೆ ಗೊತ್ತಿರುತ್ತೆ? ನನಗೆ ಕಣ್ಣು ಮುಚ್ಚಿದರೂ ಗೊತ್ತು.”

ನೆಲದ ಮೇಲೆ ಕೂತು ಒಂದು ಬಾಚಿಯ ತಲೆ ಎತ್ತಿಕೊಂಡರು. ರಾಶಿಯಿಂದ ಒಂದು ಕಾವು ಎಳೆದರು. ತೂರಿಸಿದರು. ಗಡಗಡ ಅಲ್ಲಾಡಿತು. “ಇದಲ್ಲ,” ಎಂದು ಇನ್ನೊಂದು ತೆಗೆದರು. ಅದು ಒಳಗೇ ಹೋಗಲಿಲ್ಲ. ಇನ್ನೊಂದು. ಆಮೇಲೆ ಬೇರೆ ತಲೆ, ಬೇರೆ ಕಾವು. ವಾರ ವಾರವೂ ಎಣ್ಣೆ ಸವರಿದ ಕೈಗೆ ಅವುಗಳ ಜೋಡಿ ಮರೆತುಹೋಗಿತ್ತು.

“ಬಡಗಿಯ ಮನೆಯಿಂದ ತಂದಾಗ ಇದು ಬಿಗಿಯಾಗಿತ್ತು,” ಎಂದರು, ಯಾರಿಗೂ ಅಲ್ಲ. “ಕಳಚೋಕೆ ನನಗೆ ಒಂದು ಮಧ್ಯಾಹ್ನ ಹಿಡಿದಿತ್ತು.”

ನನಗೆ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಹರಿತವಾದ ಮಾತು. ನುಂಗಿಕೊಂಡೆ, ನನ್ನ ಕೈಯಲ್ಲಿ ಇನ್ನೂ ಟೈಲರಮ್ಮನ ಗಂಟು ಇತ್ತು.

ಮೊದಲು ಕೆಳಗೆ ಕೂತದ್ದು ಟೈಲರಮ್ಮ. “ಜಾಕೀಟಿಗೆ ಗುಂಡಿ ಹುಡುಕೋದಕ್ಕಿಂತ ಕಷ್ಟಾನಾ ಮೇಷ್ಟ್ರೇ? ಕೊಡಿ ಇಲ್ಲಿ.” ಆಮೇಲೆ ಕಾಂಪೌಂಡರ್, ಡ್ರೈವರ್, ಅವನ ಹೆಂಡತಿ, ಫೋನು ಬದಿಗಿಟ್ಟು ಮಗಳು. ದೊಡ್ಡ ಸಮಾರಂಭ ಮುಗಿದಾಗ ಬಾಗಿಲಲ್ಲಿ ಚಪ್ಪಲಿ ಜೋಡಿ ಹುಡುಕುವ ಹಾಗೆ ಎಲ್ಲರೂ ಹುಡುಕಿದರು. “ಇದು ನಂದು!” “ಅಯ್ಯೋ, ಅದು ಗುದ್ದಲಿದು ಕಣ್ರೀ!” “ಹೋಯ್ತು, ಹೋಯ್ತು, ಒಳಗೆ ಹೋಯ್ತು!” ಆ ಕೋಣೆಯಲ್ಲಿ ಅಷ್ಟು ಗದ್ದಲವನ್ನು ನಾನು ಕೇಳಿದ್ದೇ ಇಲ್ಲ. ಒಂದೊಂದಾಗಿ ಜೋಡಿಗಳು ಸಿಕ್ಕವು.

ಡ್ರೈವರ್ ತನ್ನ ಸುತ್ತಿಗೆಯನ್ನು ತಲೆಕೆಳಗು ಮಾಡಿ ನೋಡಿದ. “ಇಷ್ಟು ಸಾಲದು ಮೇಷ್ಟ್ರೇ. ಕಾವಿನ ತಲೆಗೆ ಬೆಣೆ ಹೊಡೀಬೇಕು. ಇಲ್ಲದಿದ್ರೆ ಮತ್ತೆ ಹಾರುತ್ತೆ.”

ಇವರು ಅವನನ್ನೇ ನೋಡಿದರು. ಬೆಣೆ ಎಂದರೆ ಮರದ ಸಣ್ಣ ಚೂರು. ಅದನ್ನು ಒಮ್ಮೆ ಹೊಡೆದರೆ ಕಾವು ಮತ್ತೆ ಕಳಚುವುದಿಲ್ಲ, ಕೊಯ್ದು ತೆಗೆಯಬೇಕು.

“ಇಲ್ಲೇ ಬಿಟ್ಟು ಹೋಗ್ತೀವಿ ಬಿಡಿ,” ಎಂದರು ಕಾಂಪೌಂಡರ್, ಒಳ್ಳೆಯ ಮನಸ್ಸಿನಿಂದಲೇ. “ನಾಳೆ ನಾಡಿದ್ದು ಒಳ್ಳೆ ಮರದ ಚೂರು ಸಿಕ್ಕರೆ ತರ್ತೀನಿ. ನಿಧಾನವಾಗಿ ಮಾಡಿದರಾಯ್ತು.”

ಮುಗಿಯಿತು ಎಂದುಕೊಂಡೆ. ನಾಳೆ ನಾಡಿದ್ದು ಎಂಬುದು ಜಿಪುಣರ ಬೀಗದಕೈ. ಈ ರಾಶಿ ಇಲ್ಲಿ ರಾತ್ರಿ ಕಳೆದರೆ ಮತ್ತೆ ಎಣ್ಣೆ, ಮತ್ತೆ ಬಟ್ಟೆ.

“ನಾಳೆ ಬೇಡ. ಬೆಣೆಗೆ ಮರ ಇಲ್ಲೇ ಇದೆ,” ಎಂದರು ನಮ್ಮ ಮನೆಯವರು.

ಎದ್ದರು. ಗೋಡೆಗೆ ಹಾಕಿದ್ದ, ಇಷ್ಟು ದಿನ ಕಬ್ಬಿಣದ ತಲೆಗಳು ಮಲಗುತ್ತಿದ್ದ ಉದ್ದದ ತೇಗದ ಹಲಗೆಯನ್ನು ಕೆಳಗಿಳಿಸಿ ನೆಲಕ್ಕೆ ಅಡ್ಡ ಹಾಕಿದರು. ಬೆಣೆಯಿಲ್ಲದೆಯೂ ಬಿಗಿಯಾಗಿ ಕೂತಿದ್ದ ಒಂದು ಚಿಕ್ಕ ಕೊಡಲಿಯನ್ನು ಆರಿಸಿಕೊಂಡರು.

“ರೀ! ಅದು ತೇಗ! ಪುಟ್ಟಿ ಟವೆಲು ಇಡೋಕೆ ಬೇಕು ಅಂದಿದ್ದಾಳೆ!”

“ಅವಳಿಗೆ ಬೇರೆ ಮಾಡಿಸೋಣ. ಖಾಲಿ ಹಲಗೆ ಇಲ್ಲೇ ಇದ್ದರೆ ನಾನು ಮತ್ತೆ ತುಂಬ್ತೀನಿ. ನನ್ನ ಬುದ್ಧಿ ನನಗೆ ಗೊತ್ತು.” ಕೊಡಲಿಯನ್ನು ಎತ್ತಿದರು. “ಆ ಕಡೆ ಹಿಡ್ಕೋ.”

ಹಿಡಿದೆ. ಜೀವನದಲ್ಲಿ ಮೊದಲ ಬಾರಿಗೆ ಅವರು ಬೀಸಿದ ಏಟು ಹಲಗೆಗೆ ಬೀಳಲಿಲ್ಲ. ಪಕ್ಕದ ನೆಲಕ್ಕೆ ಬಿತ್ತು. ಬೀದಿಯವರು ಚಪ್ಪಲಿ ಹಾಕಿ ಕಾಲಿಡಲೂ ಹೆದರುವ ನನ್ನ ನೆಲ! ಒಂದು ಚೂರು ಎಗರಿ ಗೋಡೆಗೆ ತಾಗಿತು. ಎಲ್ಲರೂ ನನ್ನ ಕಡೆ ನೋಡಿದರು. ಅವರೂ ನೋಡಿದರು, ಕೊಡಲಿ ಅರ್ಧ ಎತ್ತಿಕೊಂಡೇ.

ನಾನು ಬಾಯಿ ತೆರೆದೆ.

“ಇನ್ನೂ ಸ್ವಲ್ಪ ಈ ಕಡೆ,” ಎಂದೆ.